ಚಂಡೀಗಢದಲ್ಲಿ ಹುಟ್ಟಿ ಅಮೆರಿಕದ ಮೇಲ್ಮನವಿ ಪೀಠಕ್ಕೆ: ನ್ಯಾಯಮೂರ್ತಿ ಶ್ರೀ ಶ್ರೀನಿವಾಸನ್

ಈ ನ್ಯಾಯಮೂರ್ತಿಗಳ ಹೆಸರನ್ನು ಮೊದಲ ಸಲ ಓದುವಾಗ ಕನ್ನಡಿಗರು ಒಂದು ಸಣ್ಣ ತಪ್ಪು ಮಾಡುವುದು ಸಹಜ. 'ಶ್ರೀ ಶ್ರೀನಿವಾಸನ್' ಎಂದರೆ ನಾವು ಮೊದಲಿನ 'ಶ್ರೀ'ಯನ್ನು ಗೌರವಸೂಚಕ ಎಂದುಕೊಳ್ಳುತ್ತೇವೆ. ಅದು ಗೌರವಸೂಚಕವಲ್ಲ, ಅವರ ಹೆಸರೇ. ಪೂರ್ಣ ಹೆಸರು ಪದ್ಮನಾಭನ್ ಶ್ರೀಕಾಂತ್ ಶ್ರೀನಿವಾಸನ್. ಶ್ರೀಕಾಂತ್ ಎಂಬುದು ಅಮೆರಿಕದಲ್ಲಿ ಚಿಕ್ಕದಾಗಿ 'ಶ್ರೀ' ಆಯಿತು, ನ್ಯಾಯಾಲಯದ ದಾಖಲೆಗಳಲ್ಲಿಯೂ ಹಾಗೆಯೇ ಉಳಿಯಿತು.

2013ರ ಮೇ 23ರಂದು ಅಮೆರಿಕದ ಸೆನೆಟ್ ಇವರನ್ನು ವಾಷಿಂಗ್ಟನ್ ನಗರದ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ನೇಮಿಸಲು ಒಪ್ಪಿಗೆ ಕೊಟ್ಟಿತು. ಪರವಾಗಿ 97 ಮತ, ವಿರುದ್ಧ ಒಂದೂ ಇಲ್ಲ. ಫೆಡರಲ್ ಮೇಲ್ಮನವಿ ಪೀಠಕ್ಕೆ ಏರಿದ ದಕ್ಷಿಣ ಏಷ್ಯಾ ಮೂಲದ ಮೊದಲ ವ್ಯಕ್ತಿ ಇವರು. ಅದೇ ವರ್ಷದ ಸೆಪ್ಟೆಂಬರ್ 26ರಂದು ವಿಧ್ಯುಕ್ತ ಪ್ರಮಾಣವಚನ ನಡೆಯಿತು. ತಾಯಿ ಭಗವದ್ಗೀತೆಯನ್ನು ಹಿಡಿದು ನಿಂತಿದ್ದರು, ಮಗ ಅದರ ಮೇಲೆ ಕೈಯಿಟ್ಟು ಪ್ರಮಾಣ ಸ್ವೀಕರಿಸಿದರು. ಪ್ರಮಾಣ ಬೋಧಿಸಿದವರು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಸಾಂಡ್ರಾ ಡೇ ಓಕಾನರ್.

ಈ ಸುದ್ದಿಯನ್ನು ನಮ್ಮ ಪತ್ರಿಕೆಗಳೂ ಸಂತೋಷದಿಂದ ಪ್ರಕಟಿಸಿದವು. ಆದರೆ 'ಭಾರತೀಯನಿಗೆ ಉನ್ನತ ಹುದ್ದೆ' ಎಂಬ ತಲೆಬರಹದಲ್ಲಿ ಎರಡು ವಿಷಯ ಬಿಟ್ಟುಹೋಗುತ್ತವೆ. ಅದೇ ದೇಶದ ನ್ಯಾಯಾಲಯ ತೊಂಬತ್ತು ವರ್ಷಗಳ ಹಿಂದೆ ಭಾರತೀಯರ ಬಗ್ಗೆ ಏನು ಹೇಳಿತ್ತು ಎಂಬುದು ಒಂದು. ಈ ಹುದ್ದೆಯಲ್ಲಿ ಕುಳಿತವರು ನಿಜವಾಗಿ ಮಾಡುವ ಕೆಲಸವೇನು ಎಂಬುದು ಇನ್ನೊಂದು. ಮಕ್ಕಳೋ ಮೊಮ್ಮಕ್ಕಳೋ ಅಮೆರಿಕದಲ್ಲಿರುವ ಮನೆಗಳು ನಮ್ಮ ಓದುಗರಲ್ಲಿ ಸಾಕಷ್ಟಿವೆ. ಅವರಿಗೆ ಈ ಎರಡೂ ಕೇವಲ ಸಾಮಾನ್ಯ ಜ್ಞಾನದ ಮಾತುಗಳಲ್ಲ.

ಮೊದಲು ನ್ಯಾಯಾಲಯದ ವಿಷಯ. ಅಮೆರಿಕದ ಕೇಂದ್ರ ನ್ಯಾಯ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಕೆಳಗೆ ಜಿಲ್ಲಾ ನ್ಯಾಯಾಲಯ, ನಡುವೆ ಮೇಲ್ಮನವಿ ನ್ಯಾಯಾಲಯ, ಮೇಲೆ ಸುಪ್ರೀಂ ಕೋರ್ಟ್. ಮೇಲ್ಮನವಿ ನ್ಯಾಯಾಲಯಗಳು ಒಟ್ಟು 13, ಅವುಗಳಲ್ಲಿ ನ್ಯಾಯಮೂರ್ತಿಗಳ ಸ್ಥಾನ 179. ಇಲ್ಲಿ ಸಾಕ್ಷಿಗಳನ್ನು ಕರೆಸುವುದಿಲ್ಲ, ಪಾಟೀಸವಾಲು ಇರುವುದಿಲ್ಲ, ಜ್ಯೂರಿಯೂ ಇರುವುದಿಲ್ಲ. ಸಾಮಾನ್ಯವಾಗಿ ಮೂವರು ನ್ಯಾಯಮೂರ್ತಿಗಳು ಕೆಳಗಿನ ನ್ಯಾಯಾಲಯದ ದಾಖಲೆಯನ್ನೂ ವಕೀಲರ ಬರಹವನ್ನೂ ಓದಿ, ಸ್ವಲ್ಪ ಹೊತ್ತು ವಾದ ಕೇಳಿ, ಕಾನೂನನ್ನು ಸರಿಯಾಗಿ ಅನ್ವಯಿಸಲಾಗಿದೆಯೇ ಎಂಬುದನ್ನಷ್ಟೇ ನಿರ್ಧರಿಸುತ್ತಾರೆ. ಸುಪ್ರೀಂ ಕೋರ್ಟಿಗೆ ವರ್ಷಕ್ಕೆ ಸಾವಿರಾರು ಅರ್ಜಿಗಳು ಹೋದರೂ ಅದು ಪೂರ್ಣ ವಿಚಾರಣೆಗೆ ಎತ್ತಿಕೊಳ್ಳುವುದು ಅರವತ್ತು, ಎಪ್ಪತ್ತರ ಆಸುಪಾಸು ಮಾತ್ರ. ಆದ್ದರಿಂದ ಬಹುಪಾಲು ಜನರಿಗೆ ಈ ನಡುವಿನ ನ್ಯಾಯಾಲಯದ ಮಾತೇ ಕೊನೆಯ ಮಾತು.

ಈ 13ರಲ್ಲಿ ವಾಷಿಂಗ್ಟನ್ನಿನದು ವಿಶೇಷ. ಅಲ್ಲಿ 11 ನ್ಯಾಯಮೂರ್ತಿಗಳಿದ್ದಾರೆ. ಅದರ ವ್ಯಾಪ್ತಿಗೆ ಒಂದು ನಗರವಷ್ಟೇ ಬರುತ್ತದೆ, ಆದರೆ ಆ ನಗರದಲ್ಲಿ ಇಡೀ ಕೇಂದ್ರ ಸರ್ಕಾರವಿದೆ. ಕಾರ್ಮಿಕ ಇಲಾಖೆ, ಪರಿಸರ ಸಂಸ್ಥೆ, ದೂರಸಂಪರ್ಕ ಆಯೋಗ ಮೊದಲಾದವು ಮಾಡುವ ನಿಯಮಗಳ ವಿರುದ್ಧದ ದಾವೆಗಳು ಹೆಚ್ಚಾಗಿ ಇಲ್ಲಿಗೇ ಬರುತ್ತವೆ. ಸುಪ್ರೀಂ ಕೋರ್ಟಿನ ಈಗಿನ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಮೊದಲು ಇದ್ದದ್ದು ಇಲ್ಲಿಯೇ. ರುತ್ ಬೇಡರ್ ಗಿನ್ಸ್‌ಬರ್ಗ್, ಆಂಟೊನಿನ್ ಸ್ಕಾಲಿಯಾ, ಕ್ಲಾರೆನ್ಸ್ ಥಾಮಸ್, ಬ್ರೆಟ್ ಕ್ಯಾವನಾ, ಕೆಟಾಂಜಿ ಬ್ರೌನ್ ಜಾಕ್ಸನ್ ಕೂಡ ಇದೇ ನ್ಯಾಯಾಲಯದಿಂದ ಮೇಲಕ್ಕೆ ಹೋದವರು.

ಇನ್ನು ಹಿಂದಿನ ಕಥೆ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಯುವಕ 1913ರಲ್ಲಿ ಅಮೆರಿಕಕ್ಕೆ ಹೋದರು. ಮೊದಲ ಮಹಾಯುದ್ಧದ ಕೊನೆಯಲ್ಲಿ ಪೇಟ ಧರಿಸಿಕೊಂಡೇ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಆಗಿನ ಕಾನೂನಿನಂತೆ ಹೊರಗಿನಿಂದ ಬಂದವರಲ್ಲಿ 'ಬಿಳಿಯ ವ್ಯಕ್ತಿ'ಗಳಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಪೌರತ್ವ ಸಿಗುತ್ತಿತ್ತು. ಕೆಳಗಿನ ನ್ಯಾಯಾಲಯ ಥಿಂಡ್ ಅವರಿಗೆ ಪೌರತ್ವ ಕೊಟ್ಟಿತು, ಸರ್ಕಾರ ಅದನ್ನು ಪ್ರಶ್ನಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು.

ಥಿಂಡ್ ಅವರ ವಾದಕ್ಕೆ ಆಧಾರವಿತ್ತು. ಕೆಲವೇ ತಿಂಗಳ ಹಿಂದೆ, 1922ರ ನವೆಂಬರಿನಲ್ಲಿ, ತಕಾವೊ ಒಜಾವಾ ಎಂಬ ಜಪಾನೀಯರ ಮೊಕದ್ದಮೆಯಲ್ಲಿ ಇದೇ ಕೋರ್ಟು 'ಬಿಳಿಯ ಎಂದರೆ ಕಕೇಶಿಯನ್ ಜನಾಂಗದವನು' ಎಂದು ಹೇಳಿ ಅವರಿಗೆ ಪೌರತ್ವ ನಿರಾಕರಿಸಿತ್ತು. ಅಂದಿನ ಜನಾಂಗಶಾಸ್ತ್ರದ ಪುಸ್ತಕಗಳು ಉತ್ತರ ಭಾರತೀಯರನ್ನು ಕಕೇಶಿಯನ್ ಎಂದೇ ಗುರುತಿಸುತ್ತಿದ್ದವು. ಹಾಗಿದ್ದರೆ ನಾನೂ ಅರ್ಹನಲ್ಲವೇ ಎಂದು ಥಿಂಡ್ ಕೇಳಿದರು. 1923ರ ಫೆಬ್ರುವರಿ 19ರಂದು ಕೋರ್ಟು ತೀರ್ಪು ಕೊಟ್ಟಿತು: ಶಾಸ್ತ್ರಜ್ಞರು ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಭಾರತೀಯನು ಬಿಳಿಯನಲ್ಲ, ಆದ್ದರಿಂದ ಪೌರತ್ವವಿಲ್ಲ. ಮೂರು ತಿಂಗಳ ಅಂತರದಲ್ಲಿ ಒಬ್ಬರಿಗೆ ಶಾಸ್ತ್ರ ತೋರಿಸಿದರು, ಇನ್ನೊಬ್ಬರಿಗೆ ಶಾಸ್ತ್ರ ಬೇಡ ಎಂದರು. ಬಾಗಿಲು ಮಾತ್ರ ಇಬ್ಬರಿಗೂ ಮುಚ್ಚಿತು.

ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಅವರೂ ವಲಸಿಗರೇ! 1862ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ತಂದೆತಾಯಿಗಳ ಜೊತೆ ಯೂಟಾಗೆ ಬಂದವರು. ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸದಲ್ಲಿ ಹೊರದೇಶದಲ್ಲಿ ಹುಟ್ಟಿದ ನ್ಯಾಯಮೂರ್ತಿಗಳು ಆರೇ ಮಂದಿ, ಸದರ್‌ಲ್ಯಾಂಡ್ ಅವರಲ್ಲೊಬ್ಬರು. ವಲಸೆ ಬಂದವನು ಪೀಠದಲ್ಲಿ ಕುಳಿತರೆ ವಲಸಿಗರಿಗೆ ಒಳಿತಾಗುತ್ತದೆ ಎಂದು ನಂಬಿದವರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು.

ತೀರ್ಪಿನ ಪರಿಣಾಮ ಥಿಂಡ್ ಒಬ್ಬರಿಗೆ ನಿಲ್ಲಲಿಲ್ಲ. ಈಗಾಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಸರ್ಕಾರ ರದ್ದು ಮಾಡಿಸಲು ಹೊರಟಿತು. 1915ರಲ್ಲಿ ಪತ್ನಿ ಕಲಾ ಮತ್ತು ಮೂವರು ಗಂಡು ಮಕ್ಕಳೊಂದಿಗೆ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಅಂಗಡಿ ನಡೆಸುತ್ತಿದ್ದ ವೈಷ್ಣೋ ದಾಸ್ ಬಗಾಯಿ ಅವರಲ್ಲೊಬ್ಬರು. ಪೌರತ್ವ ಹೋದ ಮೇಲೆ, ಅನ್ಯದೇಶೀಯರು ಭೂಮಿ ಹೊಂದಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಆಸ್ತಿಯೂ ಹೋಯಿತು. ಊರಿಗೆ ಹೋಗಿ ಬರಲು ಪಾಸ್‌ಪೋರ್ಟ್ ಕೇಳಿದರೆ ಅಮೆರಿಕ ಕೊಡಲಿಲ್ಲ, ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಳ್ಳಿ ಎಂದರು. ಬ್ರಿಟಿಷರ ಆಳ್ವಿಕೆ ಬೇಡವೆಂದೇ ದೇಶ ಬಿಟ್ಟು ಬಂದಿದ್ದ ಅವರು 1928ರಲ್ಲಿ ಪತ್ರಿಕೆಯೊಂದಕ್ಕೆ ಪತ್ರ ಬರೆದಿಟ್ಟು ಆತ್ಮಹತ್ಯೆ ಮಾಡಿಕೊಂಡರು. ಪತ್ನಿ ಕಲಾ ಮಕ್ಕಳನ್ನು ಬೆಳೆಸಿ ದೀರ್ಘಕಾಲ ಬಾಳಿದರು. ಇಂದು ಬರ್ಕ್ಲಿ ನಗರದ ಒಂದು ಬೀದಿಗೆ ಅವರ ಹೆಸರಿದೆ.

1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಕಾನೂನಿನಿಂದ ಭಾರತೀಯರಿಗೆ ಪೌರತ್ವದ ಹಕ್ಕು ಬಂತು. ಆದರೆ ವರ್ಷಕ್ಕೆ ಹೊಸದಾಗಿ ಬರಬಹುದಾದವರು ಕೇವಲ 100 ಮಂದಿ. ನಿಜವಾದ ಬದಲಾವಣೆ ಆದದ್ದು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಮಾಡಿದ ವಲಸೆ ಕಾನೂನಿನಿಂದ. ಯಾವ ದೇಶದಿಂದ ಎಷ್ಟು ಜನ ಎಂದು ಮೂಲ ನೋಡಿ ಹಂಚುವ ಹಳೆಯ ಪದ್ಧತಿ ಹೋಗಿ, ಕುಟುಂಬ ಸಂಬಂಧ ಮತ್ತು ವಿದ್ಯೆ, ವೃತ್ತಿಗಳಿಗೆ ಆದ್ಯತೆ ಬಂತು. ಭಾರತದಿಂದ ವೈದ್ಯರು, ಇಂಜಿನಿಯರುಗಳು, ಪ್ರಾಧ್ಯಾಪಕರು ಹೊರಟರು. ನಮ್ಮ ಮನೆಗಳಿಂದ ಆ ಕಾಲದಲ್ಲಿ ಹೋದವರೆಲ್ಲ ಈ ಬಾಗಿಲಿನಿಂದಲೇ ಒಳಗೆ ಹೋದವರು.

ಶ್ರೀನಿವಾಸನ್ ಹುಟ್ಟಿದ್ದು ಈ ಕಾನೂನು ಬಂದ ಎರಡು ವರ್ಷಕ್ಕೆ, 1967ರ ಫೆಬ್ರುವರಿ 23ರಂದು, ಚಂಡೀಗಢದಲ್ಲಿ. ಮನೆತನ ತಮಿಳುನಾಡಿನ ತಿರುನೆಲ್ವೇಲಿ ಕಡೆಯದು. ತಂದೆ ಗಣಿತಜ್ಞರು. ಶ್ರೀಕಾಂತ್ ಇನ್ನೂ ಚಿಕ್ಕವರಿದ್ದಾಗಲೇ ಕುಟುಂಬ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿಗೆ ಹೋಗಿ ನೆಲೆಸಿತು. ತಂದೆ ಅಲ್ಲಿನ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಗಣಿತ ಪ್ರಾಧ್ಯಾಪಕರು. ತಾಯಿ ಕಾನ್ಸಾಸ್ ಸಿಟಿಯ ಕಲಾ ಶಾಲೆಯಲ್ಲಿ ಪಾಠ ಹೇಳಿದವರು, ಮುಂದೆ ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಕೆಲಸ ಮಾಡಿದವರು.

ಲಾರೆನ್ಸ್ ಬಾಸ್ಕೆಟ್‌ಬಾಲ್ ಹುಚ್ಚಿನ ಊರು. ಆ ಆಟವನ್ನು 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಮುಂದೆ ಇದೇ ವಿಶ್ವವಿದ್ಯಾಲಯದಲ್ಲಿ ತಂಡ ಕಟ್ಟಿದರು. ಶ್ರೀನಿವಾಸನ್ ಲಾರೆನ್ಸ್ ಹೈಸ್ಕೂಲ್ ತಂಡದಲ್ಲಿ ಆಡಿದರು. ಸಹ ಆಟಗಾರ ಡ್ಯಾನಿ ಮ್ಯಾನಿಂಗ್ ಮುಂದೆ ರಾಷ್ಟ್ರಮಟ್ಟದ ತಾರೆಯಾದರು. ಎತ್ತರದ ಹುಡುಗರ ನಡುವೆ ಗಣಿತ ಮೇಷ್ಟ್ರ ಮಗ ಚೆಂಡು ಹಿಡಿದು ಓಡುತ್ತಿದ್ದ ಚಿತ್ರವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ಬಡತನದಿಂದ ಮೇಲೆದ್ದ ಕಥೆಯಲ್ಲ. ಪ್ರಾಧ್ಯಾಪಕರ ಮನೆ, ವಿಶ್ವವಿದ್ಯಾಲಯದ ಊರು, ಒಳ್ಳೆಯ ಶಾಲೆ ಎಲ್ಲವೂ ಇದ್ದವು. ಇವರಿಗಿಂತ ಒಂದು ವರ್ಷ ಮೊದಲು, 2012ರಲ್ಲಿ, ಪಶ್ಚಿಮ ಕರಾವಳಿಯ ಮೇಲ್ಮನವಿ ನ್ಯಾಯಾಲಯಕ್ಕೆ 91 ಮತ ಪಡೆದು ಬಂದ ಜಾಕ್ವೆಲಿನ್ ನ್ಗುಯೆನ್ ಅವರ ದಾರಿ ಬೇರೆಯೇ. ವಿಯೆಟ್ನಾಮಿನ ದಲಾತ್‌ನಲ್ಲಿ ಹುಟ್ಟಿದ ಅವರು 1975ರಲ್ಲಿ, ಹತ್ತನೇ ವಯಸ್ಸಿನಲ್ಲಿ, ಯುದ್ಧದಿಂದ ತಪ್ಪಿಸಿಕೊಂಡು ಬಂದವರು. ಕ್ಯಾಲಿಫೋರ್ನಿಯಾದ ಸೇನಾ ಶಿಬಿರದ ಡೇರೆಯಲ್ಲಿ ಮೊದಲ ದಿನಗಳನ್ನು ಕಳೆದವರು. ಮುಂದೆ ಮನೆಯವರು ಡೋನಟ್ ಅಂಗಡಿ ಇಟ್ಟಾಗ ಅಲ್ಲಿ ಕೆಲಸ ಮಾಡುತ್ತ ಓದಿದರು. ಫೆಡರಲ್ ಮೇಲ್ಮನವಿ ಪೀಠದ ಮೊದಲ ಏಷ್ಯನ್ ಅಮೆರಿಕನ್ ಮಹಿಳೆ ಅವರು. 'ವಲಸಿಗ ನ್ಯಾಯಮೂರ್ತಿ' ಎಂಬ ಒಂದೇ ಮಾತಿನೊಳಗೆ ಇಷ್ಟು ದೂರದ ಎರಡು ಬಾಲ್ಯಗಳು ಸೇರಿಕೊಂಡಿವೆ.

ಶ್ರೀನಿವಾಸನ್ 1989ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. 1995ರಲ್ಲಿ ಅಲ್ಲಿಯೇ ಕಾನೂನು ಮತ್ತು ಎಂ.ಬಿ.ಎ. ಎರಡನ್ನೂ ಮುಗಿಸಿದರು. ಅಮೆರಿಕದಲ್ಲಿ ಪ್ರತಿಭಾವಂತ ಯುವ ವಕೀಲರು ಒಂದೆರಡು ವರ್ಷ ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಕೆಲಸ ಮಾಡುತ್ತಾರೆ. 'ಕ್ಲರ್ಕ್' ಎಂದರೆ ಗುಮಾಸ್ತಿಕೆಯಲ್ಲ. ಮೊಕದ್ದಮೆಯ ದಾಖಲೆ ಓದಿ, ಕಾನೂನು ಹುಡುಕಿ, ತೀರ್ಪಿನ ಕರಡಿಗೆ ನೆರವಾಗುವ ಕೆಲಸ, ಒಂದು ರೀತಿಯ ಗುರುಕುಲ. ಇವರು ಮೊದಲು ನ್ಯಾಯಮೂರ್ತಿ ಹಾರ್ವಿ ವಿಲ್ಕಿನ್‌ಸನ್ ಬಳಿ, ಆಮೇಲೆ ಸುಪ್ರೀಂ ಕೋರ್ಟಿನಲ್ಲಿ ಓಕಾನರ್ ಬಳಿ ಕೆಲಸ ಮಾಡಿದರು. ಇಬ್ಬರೂ ರಿಪಬ್ಲಿಕನ್ ಅಧ್ಯಕ್ಷ ರೇಗನ್ ನೇಮಿಸಿದವರು. ಮುಂದೆ ಡೆಮಾಕ್ರಟಿಕ್ ಅಧ್ಯಕ್ಷ ಒಬಾಮಾ ಇವರನ್ನು ಆರಿಸಿದಾಗ ಎದುರು ಪಕ್ಷದವರು ತಕರಾರು ತೆಗೆಯದಿರಲು ಇದೂ ಒಂದು ಕಾರಣ.

2002ರಿಂದ 2007ರವರೆಗೆ ಸಾಲಿಸಿಟರ್ ಜನರಲ್ ಕಚೇರಿಯಲ್ಲಿದ್ದರು. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ವಾದಿಸುವ ಕಚೇರಿ ಅದು, ಆಗ ಇದ್ದದ್ದು ಬುಷ್ ಸರ್ಕಾರ. ನಂತರ ದೊಡ್ಡ ಖಾಸಗಿ ವಕೀಲ ಸಂಸ್ಥೆಯೊಂದಕ್ಕೆ ಹೋದರು. ಎನ್ರಾನ್ ಕಂಪನಿಯ ಕುಸಿತದಲ್ಲಿ ಶಿಕ್ಷೆಯಾಗಿದ್ದ ಜೆಫ್ರಿ ಸ್ಕಿಲಿಂಗ್ ಪರ 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ವಂಚನೆ ಕಾನೂನಿನ ವ್ಯಾಪ್ತಿಯನ್ನು ಕೋರ್ಟು ಆ ಮೊಕದ್ದಮೆಯಲ್ಲಿ ಕಿರಿದು ಮಾಡಿತು. ಇಂಡೊನೇಷ್ಯಾದ ಹಳ್ಳಿಗರು ಎಕ್ಸಾನ್ ತೈಲ ಕಂಪನಿಯ ಮೇಲೆ ಹೂಡಿದ್ದ ದಾವೆಯಲ್ಲಿ ಕಂಪನಿಯ ಪರವಾಗಿದ್ದರು. 2011ರಲ್ಲಿ ಮತ್ತೆ ಸರ್ಕಾರಕ್ಕೆ, ಈ ಸಲ ಒಬಾಮಾ ಆಡಳಿತದಲ್ಲಿ ಸಾಲಿಸಿಟರ್ ಜನರಲ್ ಅವರ ಪ್ರಧಾನ ಉಪಾಧಿಕಾರಿಯಾಗಿ. ಒಟ್ಟಾರೆ ಸುಪ್ರೀಂ ಕೋರ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೊಕದ್ದಮೆಗಳನ್ನು ನಿಂತು ವಾದಿಸಿದ್ದರು.

ಕಂಪನಿಗಳ ಪರ ವಾದಿಸಿದ್ದು ಕಾರ್ಮಿಕ ಸಂಘಟನೆಗಳಿಗೂ ಮಾನವ ಹಕ್ಕುಗಳ ಪರ ಇದ್ದವರಿಗೂ ಇಷ್ಟವಾಗಲಿಲ್ಲ. ಇಂಥವರು ಪೀಠದಲ್ಲಿ ಕುಳಿತರೆ ದುಡಿಯುವವರ ಗತಿಯೇನು ಎಂಬುದು ಅವರ ಅನುಮಾನ. ವಕೀಲ ಕಕ್ಷಿದಾರನ ಪರ ಮಾತನಾಡುತ್ತಾನೆ, ಅದು ಅವನ ಸ್ವಂತ ಮತವಲ್ಲ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆದರೂ ಆ ಅನುಮಾನ ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಉತ್ತರ ಸಿಗಬೇಕಾದದ್ದು ಭರವಸೆಗಳಿಂದಲ್ಲ, ತೀರ್ಪುಗಳಿಂದ.

ನೇಮಕವೂ ಸಲೀಸಾಗಿ ಆಗಲಿಲ್ಲ. 97 ಮತ ಕೇಳಿದರೆ ಹಾಗನಿಸಬಹುದು. ಒಬಾಮಾ ಮೊದಲ ಸಲ ಹೆಸರು ಕಳಿಸಿದ್ದು 2012ರ ಜೂನ್ 11ರಂದು. ಆ ವರ್ಷ ಏನೂ ಆಗಲಿಲ್ಲ, 2013ರ ಜನವರಿಯಲ್ಲಿ ಮತ್ತೆ ಕಳಿಸಬೇಕಾಯಿತು. ಆ ನ್ಯಾಯಾಲಯಕ್ಕೆ 2006ರ ನಂತರ ಒಬ್ಬರ ನೇಮಕವೂ ಆಗಿರಲಿಲ್ಲ. 11 ಸ್ಥಾನಗಳಲ್ಲಿ ನಾಲ್ಕು ಖಾಲಿ ಬಿದ್ದಿದ್ದವು. ಒಬಾಮಾ ಸೂಚಿಸಿದ್ದ ಇನ್ನೊಬ್ಬ ವಕೀಲೆ ಕೇಟ್ಲಿನ್ ಹ್ಯಾಲಿಗನ್ ಅವರನ್ನು ಎದುರು ಪಕ್ಷದ ಸೆನೆಟರುಗಳು ಮತಕ್ಕೇ ಬರದಂತೆ ತಡೆದರು, ಅವರು 2013ರ ಮಾರ್ಚಿನಲ್ಲಿ ಹಿಂದೆ ಸರಿದರು. ಶ್ರೀನಿವಾಸನ್ ಪರವಾಗಿ ಎರಡೂ ಪಕ್ಷಗಳ ಸರ್ಕಾರಗಳಲ್ಲಿ ಕೆಲಸ ಮಾಡಿದ್ದ ಮಾಜಿ ಸಾಲಿಸಿಟರ್ ಜನರಲ್‌ಗಳು ಪತ್ರ ಬರೆದರು. ಅಷ್ಟಾದ ಮೇಲೆ ಆ 97 ಮತ.

ಈಗ ತೀರ್ಪುಗಳು. ಒಂದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಆ ಅನುಮಾನಕ್ಕೂ ಈ ಕೆಲಸದ ಸ್ವರೂಪಕ್ಕೂ ಅದರಲ್ಲಿ ಉತ್ತರವಿದೆ.

ಅಮೆರಿಕದಲ್ಲಿ ವಯಸ್ಸಾದವರನ್ನೂ ಕಾಯಿಲೆಯವರನ್ನೂ ಅವರ ಮನೆಗೇ ಹೋಗಿ ನೋಡಿಕೊಳ್ಳುವ ದೊಡ್ಡ ವರ್ಗವಿದೆ. ಸ್ನಾನ ಮಾಡಿಸುವುದು, ಉಣಿಸುವುದು, ಮಾತ್ರೆ ಕೊಡುವುದು, ಹಾಸಿಗೆ ಬದಲಿಸುವುದು ಇವರ ಕೆಲಸ. ಇವರಲ್ಲಿ ಹೆಚ್ಚಿನವರು ಹೆಂಗಸರು, ಅನೇಕರು ಹೊರದೇಶದಿಂದ ಬಂದವರು. 1974ರಲ್ಲಿ ಅಲ್ಲಿನ ಸಂಸತ್ತು ಮನೆಗೆಲಸದವರನ್ನು ಕನಿಷ್ಠ ವೇತನದ ಕಾನೂನಿಗೆ ಸೇರಿಸಿದಾಗ, ವೃದ್ಧರಿಗೆ 'ಜೊತೆಗಿರುವ' ಕೆಲಸದವರನ್ನು ಹೊರಗಿಟ್ಟಿತು. ಪಕ್ಕದ ಮನೆಯ ಹುಡುಗಿ ಅಜ್ಜಿಯ ಜೊತೆ ಸಂಜೆ ಕುಳಿತು ಬರುವಂಥ ಕೆಲಸ ಅವರ ಮನಸ್ಸಿನಲ್ಲಿತ್ತೇನೋ. ಆದರೆ ಕಾರ್ಮಿಕ ಇಲಾಖೆ 1975ರಲ್ಲಿ ಮಾಡಿದ ನಿಯಮದಿಂದ ದೊಡ್ಡ ಏಜೆನ್ಸಿಗಳು ಸಂಬಳ ಕೊಟ್ಟು ಕಳಿಸುವ ಕೆಲಸಗಾರರೂ ಆ ವಿನಾಯಿತಿಯೊಳಗೆ ಬಿದ್ದರು. ಓವರ್‌ಟೈಮ್ ಇಲ್ಲ, ಕನಿಷ್ಠ ವೇತನದ ಖಾತ್ರಿಯೂ ಇಲ್ಲ.

ಜಮೈಕಾದಿಂದ ವಲಸೆ ಬಂದ ಎವೆಲಿನ್ ಕೋಕ್ ಎಂಬ ಮಹಿಳೆ ನ್ಯೂಯಾರ್ಕಿನಲ್ಲಿ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿ, ಓವರ್‌ಟೈಮ್ ಕೊಡಿ ಎಂದು ದಾವೆ ಹೂಡಿದರು. 2007ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಏಜೆನ್ಸಿ ಕೆಲಸಗಾರರು ಒಳಗೋ ಹೊರಗೋ ಎಂದು ನಿರ್ಧರಿಸುವ ಅಧಿಕಾರವನ್ನು ಸಂಸತ್ತು ಇಲಾಖೆಗೆ ಬಿಟ್ಟಿದೆ, ಇಲಾಖೆ ಹೊರಗೆ ಎಂದಿದೆ, ಅಲ್ಲಿಗೆ ಮುಗಿಯಿತು ಎಂಬುದು ಅದರ ಸಾರ. ಕೋಕ್ 2009ರಲ್ಲಿ ತೀರಿಕೊಂಡರು.

2013ರಲ್ಲಿ ಇಲಾಖೆ ನಿಯಮವನ್ನು ಬದಲಿಸಿ, ಏಜೆನ್ಸಿಗಳ ಕೆಲಸಗಾರರು ವೇತನ ಕಾನೂನಿನ ಒಳಗೇ ಎಂದಿತು. ಸುಮಾರು ಇಪ್ಪತ್ತು ಲಕ್ಷ ಜನರ ಪ್ರಶ್ನೆ ಅದು. ಏಜೆನ್ಸಿಗಳ ಸಂಘಗಳು ಕೋರ್ಟಿಗೆ ಹೋದವು, ಜಿಲ್ಲಾ ನ್ಯಾಯಾಲಯ ಹೊಸ ನಿಯಮವನ್ನು ತಳ್ಳಿಹಾಕಿತು. 2015ರ ಆಗಸ್ಟ್ 21ರಂದು ಮೇಲ್ಮನವಿ ಪೀಠ ಅದನ್ನು ಎತ್ತಿಹಿಡಿಯಿತು. ಮೂವರದೂ ಒಂದೇ ಮತ, ತೀರ್ಪು ಬರೆದವರು ಶ್ರೀನಿವಾಸನ್.

ಆ ತೀರ್ಪಿನಲ್ಲಿ ಕನಿಕರದ ಮಾತುಗಳನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಅದರ ಮುಖ್ಯ ಆಧಾರ ಕೋಕ್ ಅವರನ್ನು ಸೋಲಿಸಿದ ಅದೇ 2007ರ ತೀರ್ಪು. ನಿರ್ಧರಿಸುವ ಅಧಿಕಾರ ಇಲಾಖೆಗೆ ಇದೆ ಎಂದು ಸುಪ್ರೀಂ ಕೋರ್ಟೇ ಹೇಳಿದ ಮೇಲೆ, 'ಹೊರಗೆ' ಎನ್ನುವ ಅಧಿಕಾರವಿದ್ದ ಇಲಾಖೆಗೆ 'ಒಳಗೆ' ಎನ್ನುವ ಅಧಿಕಾರವೂ ಇದೆ, ಬದಲಾವಣೆಗೆ ಕೊಟ್ಟ ಕಾರಣಗಳು ಸಮಂಜಸವಾಗಿದ್ದರೆ ಸಾಕು ಎಂಬುದು ವಾದ. ಒಬ್ಬ ವಲಸಿಗ ಮಹಿಳೆಯ ಸೋಲೇ ಎಂಟು ವರ್ಷದ ನಂತರ ಅವರಂಥ ಲಕ್ಷಾಂತರ ಜನರ ಗೆಲುವಿಗೆ ಮೆಟ್ಟಿಲಾಯಿತು. ಸುಪ್ರೀಂ ಕೋರ್ಟ್ 2016ರಲ್ಲಿ ಇದರಲ್ಲಿ ಕೈಹಾಕಲು ನಿರಾಕರಿಸಿತು.

ಇದನ್ನು ಓದಿ 'ನಮ್ಮವರು ಬಡವರ ಪರ' ಎಂದು ತೀರ್ಮಾನಿಸಿದರೆ ಮುಂದಿನ ವಾರದ ತೀರ್ಪು ಅಡ್ಡ ಬರುತ್ತದೆ. 2011ರ ಜನವರಿಯಲ್ಲಿ ಹೆರಾಲ್ಡ್ ಹಾಜ್ ಎಂಬವರು ಸುಪ್ರೀಂ ಕೋರ್ಟಿನ ಮುಂದಿನ ಅಂಗಳದಲ್ಲಿ ಕೊರಳಿಗೆ ಫಲಕ ತೂಗಿಹಾಕಿಕೊಂಡು ನಿಂತಿದ್ದರು. ಕರಿಯರ ಮೇಲೂ ಹಿಸ್ಪಾನಿಕ್ ಜನರ ಮೇಲೂ ಪೊಲೀಸರು ನಡೆಸುವ ದೌರ್ಜನ್ಯವನ್ನು ಖಂಡಿಸುವ ಫಲಕ ಅದು. ಅಲ್ಲಿ ಪ್ರದರ್ಶನ ಮಾಡುವಂತಿಲ್ಲ ಎಂಬ 1949ರ ಕಾನೂನಿನಡಿ ಅವರನ್ನು ಬಂಧಿಸಲಾಯಿತು. ಜಿಲ್ಲಾ ನ್ಯಾಯಾಲಯ ಆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದಿತು. 2015ರ ಆಗಸ್ಟ್ 28ರಂದು ಶ್ರೀನಿವಾಸನ್ ಬರೆದ ತೀರ್ಪು ಅದನ್ನು ತಿರುಗಿಸಿತು. ನ್ಯಾಯಾಲಯ ಜನರ ಒತ್ತಡಕ್ಕೆ ಬಗ್ಗುತ್ತದೆ ಎಂದು ಕಾಣಬಾರದು, ಆ ಅಂಗಳ ಕೋರ್ಟಿನ ಕಟ್ಟಡದ ಭಾಗವಿದ್ದಂತೆ, ಪ್ರತಿಭಟಿಸಲು ಪಕ್ಕದ ಪಾದಚಾರಿ ಹಾದಿ ಇದೆಯಲ್ಲ ಎಂದು. ಮಾತಿನ ಸ್ವಾತಂತ್ರ್ಯದ ಪರ ಇರುವವರಿಗೆ ಇದು ರುಚಿಸಲಿಲ್ಲ. ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಬ್ಬಂಟಿ ಮನುಷ್ಯ ಕೊರಳಿಗೆ ಹಲಗೆ ಹಾಕಿಕೊಂಡು ಸುಮ್ಮನೆ ನಿಂತರೆ ಕೋರ್ಟಿನ ಮೇಲೆ ಯಾವ ಒತ್ತಡ ಬಿದ್ದೀತು? ಆದರೆ ತರ್ಕವನ್ನು ಬಚ್ಚಿಡದೆ ಬಿಡಿಸಿಟ್ಟಿದ್ದಾರೆ, ಒಪ್ಪದವರು ಎಲ್ಲಿ ಒಪ್ಪುವುದಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಥಿಂಡ್ ತೀರ್ಪಿನಲ್ಲಿ ಅದು ಸಾಧ್ಯವಿರಲಿಲ್ಲ. 'ಸಾಮಾನ್ಯ ಮನುಷ್ಯನ ತಿಳಿವಳಿಕೆ' ಎಂಬುದನ್ನು ಯಾರು ಅಳೆಯಬೇಕು?

ಇಂಟರ್ನೆಟ್ ಕಂಪನಿಗಳು ಒಬ್ಬರಿಗೆ ವೇಗ, ಇನ್ನೊಬ್ಬರಿಗೆ ನಿಧಾನ ಎಂದು ಭೇದ ಮಾಡಬಾರದೆಂಬ ನಿಯಮವನ್ನು ಎತ್ತಿಹಿಡಿದ 2016ರ ಜೂನ್ ತೀರ್ಪನ್ನೂ ಇವರು ನ್ಯಾಯಮೂರ್ತಿ ಡೇವಿಡ್ ಟೇಟಲ್ ಜೊತೆ ಸೇರಿ ಬರೆದರು. ಅದೇ ವರ್ಷ ಫೆಬ್ರುವರಿಯಲ್ಲಿ ಭಾರತದ ದೂರಸಂಪರ್ಕ ಪ್ರಾಧಿಕಾರವೂ ಇದೇ ಬಗೆಯ ಪ್ರಶ್ನೆಯನ್ನು ನಿರ್ಧರಿಸಿದ್ದು ಓದುಗರಿಗೆ ನೆನಪಿರಬಹುದು.

2016ರ ಫೆಬ್ರುವರಿಯಲ್ಲಿ ಸ್ಕಾಲಿಯಾ ನಿಧನರಾದಾಗ ಸುಪ್ರೀಂ ಕೋರ್ಟಿಗೆ ಶ್ರೀನಿವಾಸನ್ ಹೆಸರು ಕೊನೆಯ ಸುತ್ತಿನವರೆಗೂ ಕೇಳಿಬಂತು. ಅಂತಿಮವಾಗಿ ಒಬಾಮಾ ಆರಿಸಿದ್ದು ಇದೇ ನ್ಯಾಯಾಲಯದ ಅಂದಿನ ಮುಖ್ಯ ನ್ಯಾಯಮೂರ್ತಿ ಮೆರಿಕ್ ಗಾರ್ಲೆಂಡ್ ಅವರನ್ನು. ಸೆನೆಟ್ ಗಾರ್ಲೆಂಡ್ ಅವರಿಗೆ ವಿಚಾರಣೆಯ ಅವಕಾಶವನ್ನೂ ಕೊಡದೆ ಆ ವರ್ಷ ಕಳೆಯಿತು. ಅಂದರೆ ಆಯ್ಕೆಯಾಗದವರಿಗೂ ಆಯ್ಕೆಯಾದವರಿಗೂ ಸಿಕ್ಕಿದ್ದು ಒಂದೇ. 2020ರ ಫೆಬ್ರುವರಿಯಲ್ಲಿ ಗಾರ್ಲೆಂಡ್ ನಂತರ ಶ್ರೀನಿವಾಸನ್ ಮುಖ್ಯ ನ್ಯಾಯಮೂರ್ತಿಯಾದರು. ಇದು ಅಧ್ಯಕ್ಷರು ಕೊಡುವ ಹುದ್ದೆಯಲ್ಲ. 65 ತುಂಬದವರಲ್ಲಿ ಸೇವಾ ಹಿರಿತನದಿಂದ ಬರುತ್ತದೆ, ಹೆಚ್ಚೆಂದರೆ ಏಳು ವರ್ಷ ಇರುತ್ತದೆ. ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದರ ಮುಖ್ಯಸ್ಥರಾದ ದಕ್ಷಿಣ ಏಷ್ಯಾ ಮೂಲದ ಮೊದಲಿಗರು ಇವರು.

ಇವರ ನಂತರ ಮೇಲ್ಮನವಿ ಪೀಠಗಳಿಗೆ ಬಂದ ಭಾರತೀಯ ಮೂಲದವರಲ್ಲಿ ಇಬ್ಬರು: 2017ರಲ್ಲಿ ಅಮುಲ್ ಥಾಪರ್, 2019ರಲ್ಲಿ ಪಾರ್ಸಿ ತಂದೆತಾಯಿಗಳ ಮಗಳು ನಿಯೋಮಿ ರಾವ್. ಇಬ್ಬರೂ ಅಮೆರಿಕದಲ್ಲೇ ಹುಟ್ಟಿದವರು, ಇಬ್ಬರನ್ನೂ ನೇಮಿಸಿದವರು ಟ್ರಂಪ್, ಇಬ್ಬರ ಕಾನೂನು ದೃಷ್ಟಿಯೂ ಸಂಪ್ರದಾಯವಾದಿ. ರಾವ್ ಇರುವುದು ಶ್ರೀನಿವಾಸನ್ ಅವರ ನ್ಯಾಯಾಲಯದಲ್ಲೇ. ಒಂದೇ ಮೊಕದ್ದಮೆಯಲ್ಲಿ ಇಬ್ಬರು ಭಾರತೀಯ ಮೂಲದವರು ಎದುರು ಬದುರು ಅಭಿಪ್ರಾಯ ಬರೆಯಬಹುದಾದ ಕಾಲ ಬಂದಿದೆ. ಮನೆತನ ನೋಡಿ ತೀರ್ಪು ಊಹಿಸುವವರಿಗೆ ಇದು ತೊಡಕು.

ಮೇಲೆ ಹೇಳಿದ 'ಇಲಾಖೆಯ ಅರ್ಥೈಸುವಿಕೆಗೆ ಮನ್ನಣೆ' ಎಂಬ ತತ್ವ 1984ರಿಂದ ನಡೆದುಬಂದದ್ದು. ಮೀನುಗಾರಿಕೆ ದೋಣಿಗಳ ಒಂದು ಮೊಕದ್ದಮೆಯಲ್ಲಿ 2022ರಲ್ಲಿ ವಾಷಿಂಗ್ಟನ್ ಪೀಠ ಅದನ್ನೇ ಅನುಸರಿಸಿ ಸರ್ಕಾರದ ಪರ ತೀರ್ಪು ಕೊಟ್ಟಿತು. ಶ್ರೀನಿವಾಸನ್ ಆ ಬಹುಮತದಲ್ಲಿದ್ದರು. ಆ ಮೊಕದ್ದಮೆಯೇ ಸುಪ್ರೀಂ ಕೋರ್ಟಿಗೆ ಹೋಗಿ, 2024ರ ಜೂನ್ 28ರಂದು ನಲವತ್ತು ವರ್ಷದ ತತ್ವ ರದ್ದಾಯಿತು. ಇನ್ನು ಮುಂದೆ ಕಾನೂನಿನ ಅರ್ಥವನ್ನು ನ್ಯಾಯಾಧೀಶರೇ ಹೇಳಬೇಕು, ಇಲಾಖೆಯ ಮಾತಿಗೆ ತಲೆಬಾಗಬೇಕಿಲ್ಲ. ವೀಸಾ, ಗ್ರೀನ್ ಕಾರ್ಡ್, ಕೆಲಸದ ಪರವಾನಗಿಗಳ ಎಷ್ಟೋ ವಿವರಗಳು ಇಲಾಖೆಗಳ ನಿಯಮಗಳಲ್ಲೇ ಇರುವುದರಿಂದ, ಒಂದೇ ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಇಲ್ಲವೆಂಬ ಮಿತಿಯಿಂದಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುವ ಭಾರತೀಯ ಕುಟುಂಬಗಳಿಗೆ ಮೇಲ್ಮನವಿ ಪೀಠಗಳಲ್ಲಿ ಯಾರು ಕುಳಿತು ಹೇಗೆ ಓದುತ್ತಾರೆ ಎಂಬುದು ಮೊದಲಿಗಿಂತ ಹೆಚ್ಚು ಮುಖ್ಯವಾಗಿದೆ.

ಎವೆಲಿನ್ ಕೋಕ್ ಅವರಂಥವರ ವೇತನದ ಪ್ರಶ್ನೆಯೂ ಮುಗಿದಿಲ್ಲ. 2025ರ ಜುಲೈನಲ್ಲಿ ಕಾರ್ಮಿಕ ಇಲಾಖೆ 2013ರ ನಿಯಮವನ್ನು ಹಿಂತೆಗೆದು 1975ರ ಸ್ಥಿತಿಗೇ ಮರಳುವ ಪ್ರಸ್ತಾಪವನ್ನು ಮುಂದಿಟ್ಟಿತು.